ತಾಮ್ರದ ಮೇಲಿನ ಭಾನುವಾರ

೧೭೮೭, ಫೆಬ್ರವರಿ ೧೨, ಸೋಮವಾರ

ಬೆಳಗ್ಗೆ ಎದ್ದೊಡನೆ ಮಾಡಿದ ಮೊದಲ ಕೆಲಸವೆಂದರೆ ನಾರ್ವಿಚ್‌ನಲ್ಲಿರುವ ತಂಗಿಗೆ ಕ್ಷಮಾಪಣೆಯ ಪತ್ರ ಬರೆದದ್ದು. ನಮ್ಮ ಬೀದಿಯ ವೃದ್ಧ ಪಾದ್ರಿಗಳ ಶವಸಂಸ್ಕಾರ ಗುರುವಾರ ನಡೆಯಿತೆಂದು ಕಳೆದ ಪತ್ರದಲ್ಲಿ ತಿಳಿಸಿದ್ದೆ. ಅದು ನಡೆದದ್ದು ಬುಧವಾರ. ಅವಳು ಈ ತಪ್ಪನ್ನು ಗಮನಿಸಿರಲಾರಳು, ಗಮನಿಸಿದರೂ ಲೆಕ್ಕಿಸಲಾರಳು. ಆದರೆ ಪುಣ್ಯಾತ್ಮರೊಬ್ಬರನ್ನು ಒಂದು ದಿನ ಹೆಚ್ಚಾಗಿ ಹೂಳದೆ ಮಲಗಿಸಿದ ಅಪರಾಧ ನನ್ನದಾಯಿತಲ್ಲ! "ಪ್ರಿಯ ಜೂಡಿತ್, ಗುರುವಾರವೆಂಬುದನ್ನು ದಯಮಾಡಿ ಹೊಡೆದುಹಾಕಿ ಬುಧವಾರವೆಂದು ತಿದ್ದಿಕೊಳ್ಳುವುದು" ಎಂದು ಬರೆದು, ಅರಗು ಹಚ್ಚಿ, ಅಂಚೆಗೆ ಕೊಟ್ಟ ಮೇಲೆಯೇ ಗಂಟಲಲ್ಲಿ ರೊಟ್ಟಿ ಇಳಿಯಿತು.

ಚಿತ್ರಗಳನ್ನು ಅಚ್ಚು ಹಾಕಿ ಮಾರುವ ನಮ್ಮ ಅಂಗಡಿಗೆ ಹೋದಾಗ ಚಿತ್ರಕಾರ ಫಾರ್ಡೆಲ್ ಹೊಸ ತಾಮ್ರದ ತಗಡೊಂದನ್ನು ನನ್ನ ಮೇಜಿನ ಮೇಲೆ ಇರಿಸಿ ಹೋಗಿದ್ದ. ಚಿತ್ರ ಅವನದು, ಅಕ್ಷರ ನನ್ನದು. ತಲೆಗೂದಲು ಕಪ್ಪಗಿದ್ದ ಕಾಲದಿಂದಲೂ ನಾನು ತಾಮ್ರದ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಕೊರೆಯುತ್ತ ಬಂದಿದ್ದೇನೆ, ಕಾಗದದ ಮೇಲೆ ಅವು ನೆಟ್ಟಗೆ ನಿಲ್ಲಲೆಂದು.

ಈ ಸಲದ ವ್ಯಂಗ್ಯಚಿತ್ರ ಲಾರ್ಡ್ ಸ್ಕಾರ್ಮೂರ್‌ನ ಮೇಲೆ. ಮೂರು ಹಳ್ಳಿಗಳನ್ನು ಇಸ್ಪೀಟಿನ ಮೇಜಿನ ಮೇಲೆ ಕಳೆದು ನಾಲ್ಕನೆಯದನ್ನು ಕೋಳಿಪಂದ್ಯಕ್ಕೆ ಒಡ್ಡಿದ ಮಹಾನುಭಾವ! ತಂದೆಯ ಸಮಾಧಿಗೆ ಕಲ್ಲು ಹಾಕಿಸದವನು ಕುದುರೆಯ ಸಮಾಧಿಗೆ ಅಮೃತಶಿಲೆ ತರಿಸಿದ. ಕಳೆದ ಮಂಗಳವಾರ ಅವನ ಮನೆಯಲ್ಲಿ ಬಟ್ಟೆ ಹೊಲಿಯಲು ಹೊಸದಾಗಿ ಸೇರಿದ್ದ ಹೆಂಗಸನ್ನು ಬಟ್ಟೆಕೋಣೆಯಲ್ಲಿ ಹಿಡಿದೆಳೆದನಂತೆ. ಅವಳು ಬಟ್ಟೆಗೆ ಹಾಕುವ ಗಂಜಿಯ ಬೋಗುಣಿಯನ್ನೇ ಎತ್ತಿ ಅವನ ತಲೆಯ ಮೇಲೆ ಸುರಿದು, ಗಂಟು ಕಟ್ಟಿಕೊಂಡು ಹೊರಟುಹೋದಳಂತೆ. ಫಾರ್ಡೆಲ್ ಆ ಹೊತ್ತಿಗೆ ಬೀದಿಯಲ್ಲಿದ್ದು ಅವಳ ಮುಖವನ್ನು ಕಂಡು ಬಂದವನು, ಪ್ರಭುವು ಇಸ್ತ್ರಿ ಮಾಡಿದ ಕಾಲರಿನಂತೆ ಸೆಟೆದು ನಿಂತ ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆದಿದ್ದ. ನಮ್ಮ ಧಣಿ ಸ್ಟೇಪಲ್ ಅದನ್ನು ನೋಡಿ ಮೂಗು ಮುರಿದರು.

"ಯಾರು ಕೊಳ್ತಾರೋ ಇದನ್ನ? ಗಂಜಿ ಸುರಿದೋಳು ಮರ್ಯಾದಸ್ಥೆ ಆಗ್ಬಿಡ್ತಾಳೆ. ಮರ್ಯಾದಸ್ಥೆನ ನೋಡಿ ಯಾವನಿಗೆ ನಗು ಬರುತ್ತೆ? ಮಡಿಲಲ್ಲಿ ಕೂರಿಸಯ್ಯಾ, ಮಡಿಲಲ್ಲಿ! ಕೈಗೊಂದು ಬಟ್ಟಲು ಕೊಡು, ಬಾಯಿ ತುಂಬ ನಗಿಸು."

ಹಾಗಾಗಿ ತಗಡಿನ ಮೇಲೆ ಈಗ ಅವಳು ಅವನ ಮಡಿಲಲ್ಲಿ ಕುಳಿತು ನಗುತ್ತಿದ್ದಾಳೆ. ಆ ಚಿತ್ರದ ಹೆಂಗಸಿನ ಬಾಯಿಯನ್ನು ಫಾರ್ಡೆಲ್ ಎಷ್ಟು ಅಗಲ ತೆರೆದಿದ್ದಾನೆಂದರೆ ಶೀರ್ಷಿಕೆಗೆ ಜಾಗವೇ ಸಾಲದು. 'ಪ್ರಭುಗಳ ಮಡಿಲಿಗೆ ಹೊಸ ಹೊಲಿಗೆ' ಎಂಬುದನ್ನು ಇಕ್ಕಟ್ಟಿನಲ್ಲಿ ಕೂರಿಸುವಾಗ ಮೈ ಉರಿಯಿತು. ಚಿತ್ರಕಾರರಿಗೆ ಅಕ್ಷರದ ಮೇಲೆ ಎಳ್ಳಷ್ಟೂ ಗೌರವವಿಲ್ಲ.

ಕೆಳಗಿನ ಸಾಲು ಬಾಕಿಯಿತ್ತು. ಪ್ರಕಟಣೆಯ ದಿನಾಂಕವನ್ನೂ ಪ್ರಕಟಿಸಿದವನ ಹೆಸರನ್ನೂ ಕೊರೆಯದಿದ್ದರೆ ಶಾಸನದ ರಕ್ಷಣೆಯಿಲ್ಲ. ದಾರಿಹೋಕನೂ ನಕಲು ಮಾಡಬಹುದು.

"ಮೇಷ್ಟ್ರೇ, ತಾರೀಖು ಜನವರಿ ಹದಿನಾಲ್ಕು ಅಂತ ಹಾಕಿ," ಎಂದರು ಸ್ಟೇಪಲ್. ನನ್ನ ಶುದ್ಧಿಯ ಗೀಳನ್ನು ಕಂಡು ಅಂಗಡಿಯವರೆಲ್ಲ ನನ್ನನ್ನು ಮೇಷ್ಟ್ರೆಂದೇ ಕರೆಯುತ್ತಾರೆ.

"ಈ ದಿನ ಫೆಬ್ರವರಿ ಹನ್ನೆರಡು."

"ನಂಗೊತ್ತಿಲ್ವಾ? ಎದುರು ಅಂಗಡಿ ಡಬಿನ್ ಹೋದ ತಿಂಗಳು ಇಪ್ಪತ್ತಕ್ಕೆ ಇದೇ ಪ್ರಭೂನ ಮಡಿಲಲ್ಲಿ ಯಾವಳೋ ನಾಟಕದೋಳನ್ನ ಕೂರಿಸಿ ಅಚ್ಚು ಹಾಕಿದಾನೆ. ನಮ್ದು ಅದಕ್ಕಿಂತ ಮುಂಚೆ ಅಂತಿದ್ರೆ ಕದ್ದೋನು ಅವನು. ಇಲ್ದಿದ್ರೆ ನಾವು."

ಇದು ನಮ್ಮ ಕಸುಬಿನ ರೂಢಿ. ಕೊರೆದೆ. ೧೪ರಲ್ಲಿ ಒಂದರ ಬೆನ್ನು ಬಹಳ ಸೊಗಸಾಗಿ ಬಂದಿದೆ.

ಫೆಬ್ರವರಿ ೧೪, ಬುಧವಾರ

ಚಿತ್ರ ಇಂದು ಕಿಟಕಿಗೆ ಏರಿತು. ಬೀದಿಯಲ್ಲಿ ಗಾಡಿ ಚಲಿಸಲಾರದಷ್ಟು ಜನ. ಮೀನಿನ ಬುಟ್ಟಿ ಹೊತ್ತವಳಿಂದ ಹಿಡಿದು ರೇಷ್ಮೆ ಕಾಲುಚೀಲದವರವರೆಗೆ ಎಲ್ಲರೂ ಗಾಜಿಗೆ ಮೂಗು ಒತ್ತಿದವರೇ. ಕೊನೆಗೂ ಆ ನೀಚನ ಮುಖಕ್ಕೆ ಮಸಿ ಬಿತ್ತೆಂದು ಮನಸ್ಸು ತಣಿಯಿತು.

ಮಧ್ಯಾಹ್ನದ ವೇಳೆಗೆ ಆ ತಣಿವೂ ಆರಿತು. ಮಸಿ ಬಳಿಸಿಕೊಂಡವನೇ ಬಂದ! ಗೆಳೆಯನೊಬ್ಬನ ಹೆಗಲ ಮೇಲೆ ಕೈ ಹಾಕಿಕೊಂಡು, ತನ್ನ ಮದುವೆಯ ದಿಬ್ಬಣಕ್ಕೆ ಬಂದವನಂತೆ.

"ಏನೋ ಸ್ಟೇಪಲ್, ನನ್ನ ಹೊಟ್ಟೆ ಇಷ್ಟು ದಪ್ಪ ಇದೆಯೇನೋ? ಹೋಗ್ಲಿ, ಕಾಲು ಮಾತ್ರ ಚೆನ್ನಾಗಿ ಬರೆದಿದೀರಿ. ಹುಡುಗಿ ನೋಡೋ, ಹ್ಯಾಗೆ ನಗ್ತಿದಾಳೆ! ನಂಗಂತೂ ಅವಳು ನಕ್ಕಿದ್ದೇ ಜ್ಞಾಪಕ ಇಲ್ಲ."

"ನಿನ್ನ ತಲೇಲಿ ಇನ್ನೂ ಗಂಜಿ ಇದೆ, ಅದಕ್ಕೇ," ಎಂದ ಗೆಳೆಯ. ಪ್ರಭುವಿಗೆ ಆ ಮಾತು ಹಿಡಿಸಲಿಲ್ಲ. ಆದರೆ ಚಿತ್ರ ಬಹಳ ಹಿಡಿಸಿತು. "ಒಂದು ಕಟ್ಟು ಕಟ್ಟಯ್ಯಾ. ನಮ್ಮ ಕ್ಲಬ್ಬಿನೋರಿಗೆಲ್ಲ ಹಂಚಬೇಕು. ಒಂದನ್ನ ನಮ್ಮತ್ತೆಗೂ ಕಳಿಸ್ತೀನಿ, ಸಾಯೋ ಮುಂಚೆ ನೋಡಿ ಸಾಯಲಿ."

ಇದೆಂಥ ಕಾಲ! ಚಾಟಿ ಬೀಸಿದರೆ ಬೆನ್ನು ಕೆರೆದುಕೊಂಡಂತೆ ಸುಖಪಡುವ ಜನ. ಲಜ್ಜೆಯೇ ಇಲ್ಲದವನನ್ನು ಲಜ್ಜೆಗೀಡು ಮಾಡುವುದು ಹೇಗೆ? ಪ್ರಭುಗಳ ದುರಾಚಾರವನ್ನು ಬಯಲಿಗೆಳೆಯುತ್ತೇವೆಂದು ಬೀಗುವ ನಾವು ಅವರಿಗೆ ಕನ್ನಡಿ ಮಾರುವವರಾದೆವಲ್ಲ! ಸಿಟ್ಟಿನಲ್ಲಿ ಊಟವೂ ರುಚಿಸಲಿಲ್ಲ. ಕುರಿಮಾಂಸ ಹೇಗೂ ಬೆಂದಿರಲಿಲ್ಲ.

ಫೆಬ್ರವರಿ ೧೬, ಶುಕ್ರವಾರ

ಬೇಡಿಕೆ ಹೆಚ್ಚಿ, ಅಚ್ಚಾದ ಚಿತ್ರಗಳಿಗೆ ಬಣ್ಣ ಹಚ್ಚುವ ಮೇಜಿನ ಹೆಂಗಸರಿಗೆ ಬಿಡುವಿಲ್ಲ. ಬೆಟ್ಟಿ ಬ್ರೇಸ್‌ವೆಲ್ ಕುಂಚ ಎತ್ತಿ ಹಿಡಿದು ಕೇಳಿದಳು: "ಮೇಷ್ಟ್ರೇ, ಈ ಹುಡುಗಿ ಕೆನ್ನೆಗೆ ಎಷ್ಟು ಕೆಂಪು ಹಾಕ್ಲಿ?"

"ಅದು ನನಗೆ ಸಂಬಂಧಿಸಿದ್ದಲ್ಲ."

"ಯಾರಿಗೂ ಸಂಬಂಧಿಸಿದ್ದಲ್ಲ, ಬಿಡಿ. ಅದಕ್ಕೇ ಇವಳು ಇಷ್ಟು ಕೆಂಪಾಗಿರೋದು."

ಮೇಜಿನ ಸುತ್ತ ಎಲ್ಲರೂ ನಕ್ಕರು. ಬೆಟ್ಟಿ ನಗಲಿಲ್ಲ. ಹೆಂಗಸರ ಮಾತಿನ ಧಾಟಿ ಕೆಲವೊಮ್ಮೆ ನನಗೆ ತಿಳಿಯುವುದಿಲ್ಲ.

ಫೆಬ್ರವರಿ ೨೦, ಮಂಗಳವಾರ

ಇಂದು ನಡೆದುದನ್ನು ಕ್ರಮವಾಗಿ ಬರೆಯಬೇಕು. ಕ್ರಮ ತಪ್ಪಿದರೆ ಕೋಪವಷ್ಟೇ ಉಳಿಯುತ್ತದೆ.

ಅಂಗಡಿ ತೆರೆದು ಸ್ವಲ್ಪ ಹೊತ್ತಿಗೆ ಗಿಡ್ಡ ಮೈಕಟ್ಟಿನ ಹೆಂಗಸೊಬ್ಬಳು ಒಳಗೆ ಬಂದು, ಸುರುಳಿ ಸುತ್ತಿದ ಕಾಗದವನ್ನು ನನ್ನ ಮೇಜಿನ ಮೇಲೆ ಬಿಚ್ಚಿ, ಎರಡು ಕಡೆಯೂ ಕೈಯೂರಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. ಕಾಗದದ ಮೇಲೆ ನಗುತ್ತಿದ್ದ ಮುಖವೇ ಮೇಲೆ ನಗದೆ ನಿಂತಿತ್ತು. ಸ್ಟೇಪಲ್ ಒಳಕೋಣೆಗೆ ಸರಿದು ಬಾಗಿಲು ಹಾಕಿಕೊಂಡರು. ಫಾರ್ಡೆಲ್‌ಗೆ ಎರಡು ದಿನಗಳಿಂದ ನೆಗಡಿ.

"ಇದನ್ನ ಬರ್ದೋನು ಯಾರು?"

"ಚಿತ್ರ ಬರೆದವರು ಈಗ ಇಲ್ಲ."

"ಅಕ್ಸರ?"

"ಅಕ್ಷರ ನನ್ನದು."

"ಹಂಗಾರೆ ಓದಯ್ಯಾ, ಕೆಳಗೆ ಏನೈತೆ."

ಓದಿದೆ: "ಶಾಸನದ ವಿಧಿಯಂತೆ ೧೭೮೭ರ ಜನವರಿ ೧೪ರಂದು ಪ್ರಕಟಿಸಿದವರು ಆರ್. ಸ್ಟೇಪಲ್."

"ನಾನು ಟ್ಯಾಮ್ಸಿನ್ ಪೆಲ್. ಆ ಪ್ರಭು ನನ್ನ ಮೈಮೇಲೆ ಕೈ ಹಾಕ್ದ ಅಂತ ದೂರು ಕೊಟ್ಟೆ. ನಿನ್ನೆ ನ್ಯಾಯ ಕೇಳಾಕೆ ಹೋದ್ರೆ ಅವ್ನ ವಕೀಲ ಇದನ್ನ ಎತ್ತಿ ಹಿಡ್ದ. 'ಸ್ವಾಮಿ, ಜನವರಿ ಹದಿನಾಲ್ಕಕ್ಕೇ ಇವ್ಳು ನಮ್ ಪ್ರಭುಗಳ ಮಡಿಲಾಗೆ ಕುಂತು ನಗ್ತಿದ್ದದ್ದು ಅಚ್ಚಾಗೈತೆ. ಫೆಬ್ರವರೀಲಿ ಬಂದು ಕೈ ಹಿಡಿದ್ರು ಅಂತ ಅಳ್ತಾಳೆ' ಅಂದ. ಕಿಟಕಿಗೆ ಹಾಕಿದ್ದು ಈಗ, ಒಳಗಿಂದ ಮಾರ್ತಿದ್ದಿದ್ದು ಆವಾಗಿಂದ ಅಂತ ನಿಮ್ ಧಣೀನೇ ಬರ್ಕೊಟ್ಟವ್ನೆ. ಆವತ್ತು ನಾನು ಟಾಂಟನ್‌ನಾಗೆ ನಮ್ಮವ್ವನ ಜತೆ ದುಪ್ಪಟಿ ಅಂಚು ಹೊಲೀತಿದ್ದೆ. ಗಾಡಿ ಇಳ್ದು ಲಂಡನ್ ಕಂಡಿದ್ದೇ ಇಪ್ಪತ್ತೇಳನೇ ತಾರೀಖು."

"ಅದಕ್ಕೆ ಸಾಕ್ಷಿ ಇಲ್ಲವೇ?"

"ನಮ್ಮವ್ವ ಸಾಕ್ಷಿ. ಅವ್ವನ ಮಾತು ಕೇಳ್ತಾರಾ? ತಾಮ್ರದ ಮೇಲೆ ಕೊರ್ದಿರೋದು ಸುಳ್ಳಾ ಅಂದ್ರು. ಬರೋ ಮಂಗಳವಾರಕ್ಕೆ ಮುಂದೂಡವ್ರೆ. ಅಷ್ಟ್ರಲ್ಲಿ ನಾನು ಸುಳ್ಳಿ ಅಲ್ಲ ಅಂತ ತೋರಿಸ್ದಿದ್ರೆ ಸುಳ್ಳು ದೂರು ಕೊಟ್ಟೋಳು ಅಂತ ನನ್ನನ್ನೇ ಜೈಲಿಗೆ ಹಾಕ್ತಾರೆ." ಅವಳು ಬೆರಳನ್ನು ಚಿತ್ರದ ಮೇಲೆ ಊರಿದಳು. "ಕುಂತಿದ್ನೇನಯ್ಯಾ ನಾನು ಇಲ್ಲಿ? ನೀನು ನೋಡ್ದ್ಯಾ?"

"ಅಮ್ಮಾ, ನಾನು ಚಿತ್ರ ಬರೆಯುವವನಲ್ಲ."

"ಬರ್ದೋನು ಮಡ್ಲು ಕೊಟ್ಟ, ನೀನು ದಿನ ಕೊಟ್ಟೆ. ಮಡ್ಲಾದ್ರೂ ತಮಾಷೆ ಅಂತ ಬಿಟ್ಟಾರು. ದಿನ ಯಾವ ತಮಾಷೆ?"

ಕಾಗದವನ್ನು ಸುತ್ತಿಕೊಂಡು ಹೊರಟುಹೋದಳು. ವಯಸ್ಸಿನಲ್ಲಿ ತನ್ನ ತಂದೆಗಿಂತ ಹಿರಿಯನಾದವನನ್ನು 'ನೀನು' ಎನ್ನುತ್ತಾಳೆ! ಎಂಥ ಮಾತು, ಎಂಥ ಉಚ್ಚಾರ! ಎರಡು ಗಂಟೆ ಕಾಲ ಸುಮ್ಮನೆ ಉಳಿ ಮಸೆಯುತ್ತ ಕುಳಿತೆ.

ಸಂಜೆ ಮನೆಗೆ ಬಂದು, ಅವಳ ಮಾತಿನಲ್ಲಿ ಹುರುಳಿಲ್ಲವೆಂದು ತೋರಿಸಿಕೊಳ್ಳಲು ಪಂಚಾಂಗ ತೆರೆದೆ. ಜನವರಿ ೧೪ ಭಾನುವಾರ! ಭಾನುವಾರ ಲಂಡನ್ನಿನಲ್ಲಿ ಯಾವ ಅಂಗಡಿಯವನು ಕಿಟಕಿಯ ಹಲಗೆ ತೆಗೆಯುತ್ತಾನೆ? ಚಿತ್ರವನ್ನು ಪ್ರಕಟಿಸಿದ್ದು ಯಾರಿಗೆ, ಚರ್ಚಿಗೆ ಹೊರಟವರಿಗೋ? ಈ ಕೈ ಎಂದೂ ಒಂದು ಬಿಂದುವನ್ನೂ ತಪ್ಪಾಗಿ ಇಟ್ಟದ್ದಿಲ್ಲ. ಅದು ತಾಮ್ರದ ಮೇಲೆ ಭಾನುವಾರವನ್ನು ಕೊರೆದಿದೆ. ನಾಚಿಕೆಯಿಂದ ಪಂಚಾಂಗವನ್ನು ಮುಚ್ಚಿಟ್ಟೆ.

ಫೆಬ್ರವರಿ ೨೧, ಬುಧವಾರ

ಸ್ಟೇಪಲ್ ಅವರಿಗೆ ಭಾನುವಾರದ ವಿಷಯ ಹೇಳಿದೆ. ಅವರು ಚಹಾ ಕುಡಿಯುತ್ತಿದ್ದರು.

"ಭಾನುವಾರ ಆದ್ರೇನು, ಬುಧವಾರ ಆದ್ರೇನು ಮೇಷ್ಟ್ರೇ? ಆ ಸಾಲನ್ನ ಯಾರು ಓದ್ತಾರೆ?"

"ನ್ಯಾಯಾಧಿಕಾರಿಗಳು ಓದಿದ್ದಾರೆ."

ಬಟ್ಟಲನ್ನು ಕೆಳಗಿಟ್ಟರು. "ನೋಡಿ, ಒಂದು ತಾರೀಖು ಸುಳ್ಳು ಅಂತ ನೀವು ಬಾಯ್ಬಿಟ್ರೆ ನೆಲಮಾಳಿಗೇಲಿರೋ ತಗಡೆಲ್ಲ ಬೀದಿಪಾಲು. ಡಬಿನ್ ಒಂದು ವಾರದಲ್ಲಿ ಅಷ್ಟನ್ನೂ ನಕಲು ಹೊಡೀತಾನೆ. ಈ ಬೀದೀಲಿ ಪ್ರಭುಗಳ ಬಣ್ಣ ಬಯಲು ಮಾಡೋ ಅಂಗಡಿ ನಮ್ದು. ಇದು ಮುಚ್ಚಿದ್ರೆ ಯಾರು ನಗ್ತಾರೆ ಹೇಳಿ? ಸ್ಕಾರ್ಮೂರೇ ನಗ್ತಾನೆ. ನಿಮಗೆ ಅದು ಬೇಕಾ?"

ಬೇಡ. "ಹಾಗಾದರೆ ಭಾನುವಾರವನ್ನಾದರೂ ತಿದ್ದಲು ಅಪ್ಪಣೆ ಕೊಡಿ. ಹಿಂದಿನ ದಿನ, ಶನಿವಾರ, ಹದಿಮೂರು ಎಂದು ಮಾಡುತ್ತೇನೆ."

ಅವರು ಬಿದ್ದು ಬಿದ್ದು ನಕ್ಕರು. "ಮಾಡಿ ಮಹಾರಾಯ್ರೇ, ಅದರಿಂದ ನಿಮಗೆ ನಿದ್ದೆ ಬರೋ ಹಾಗಿದ್ರೆ ಮಾಡಿ!"

ತಗಡನ್ನು ತಂದೆ. ತಪ್ಪು ಅಂಕಿಯನ್ನು ಕೆರೆದು, ತಗಡಿನ ಬೆನ್ನಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಾಮ್ರವನ್ನು ಮೇಲೆಬ್ಬಿಸಿ, ಉಜ್ಜಿ ನುಣುಪು ಮಾಡಿ, ಮತ್ತೆ ಕೊರೆಯಬೇಕು. ಅರ್ಧ ದಿನದ ಕೆಲಸ. ಕೆರೆಯುವ ಉಳಿಯನ್ನು ನಾಲ್ಕರ ಮೇಲೆ ಇಟ್ಟೆ. ಹದಿಮೂರು ಎಂದು ಕೊರೆದರೆ ದಿನ ಶನಿವಾರವಾಗುತ್ತದೆ, ಅಂಗಡಿ ತೆರೆದಿರುತ್ತದೆ, ಎಲ್ಲವೂ ಸರಿಹೋಗುತ್ತದೆ. ಆದರೆ ಶನಿವಾರವೂ ಆ ಹೊಲಿಗೆಯವಳು ಟಾಂಟನ್‌ನಲ್ಲಿ ಅಂಚು ಹೊಲಿಯುತ್ತಿದ್ದಳು.

ಉಳಿಯನ್ನು ಕೆಳಗಿಟ್ಟೆ. ತಗಡನ್ನು ಹಾಗೆಯೇ ಮರಳಿಸಿದೆ. ಬೆಳಕು ಸಾಲದೆ ಹೋಯಿತೆಂದು ಕಾಣುತ್ತದೆ.

ಫೆಬ್ರವರಿ ೨೩, ಶುಕ್ರವಾರ

ಒಂದು ಅಕ್ಷರವೂ ನೆಟ್ಟಗೆ ಬರಲಿಲ್ಲ. ಎಲ್ಲರ ಮೇಲೂ ರೇಗಿದೆ.

ಫೆಬ್ರವರಿ ೨೪, ಶನಿವಾರ

ಪ್ರಭುವಿನ ವಕೀಲ ಮಿಲ್‌ಬೋರ್ನ್ ಎಂಬಾತ ಅಂಗಡಿಗೆ ಬಂದಿದ್ದ. ಮಲ್ಲಿಗೆಯ ಅತ್ತರು, ಬೆಣ್ಣೆಯಂಥ ಮಾತು. ಸ್ಟೇಪಲ್ ಕುರ್ಚಿ ಎಳೆದುಕೊಟ್ಟರು.

"ಹಿರಿಯರು ನೀವು. ನಿಮಗೆ ತೊಂದರೆ ಕೊಡಲ್ಲ. ಮಂಗಳವಾರ ಬಂದು ಒಂದೇ ಒಂದು ಮಾತು ಹೇಳಿ ಹೋಗಿ. 'ಈ ತಾರೀಖನ್ನ ಕೊರೆದದ್ದು ನಾನೇ.' ಅಷ್ಟು ಸಾಕು. ಅದೇನು ಸುಳ್ಳಲ್ವಲ್ಲ?"

"ಸುಳ್ಳಲ್ಲ."

"ಮತ್ತೆ? ನಿಜ ಹೇಳೋಕೆ ಯಾಕೆ ಹಿಂಜರೀಬೇಕು?" ಎಂದು ನನ್ನ ಭುಜ ತಟ್ಟಿದ. "ನಿಮ್ಮ ಕೈಬರಹಾನೂ ನೋಡಿದೆ. ಆಹಾ, ಏನು ಅಂಕಿ ಸ್ವಾಮಿ! ಆ ಹದಿನಾಲ್ಕನ್ನ ನೋಡಿದ್ರೆ ಯಾರಿಗೆ ಅನುಮಾನ ಬರುತ್ತೆ?"

ಅವನು ಹೋದ ಮೇಲೆ ಭುಜವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. 'ಈ ದಿನಾಂಕವನ್ನು ಕೊರೆದವನು ನಾನೇ.' ಪ್ರತಿಯೊಂದು ಪದವೂ ನಿಜ. ಕರ್ತೃ, ಕರ್ಮ, ಕ್ರಿಯೆ ಯಾವುದರಲ್ಲೂ ದೋಷವಿಲ್ಲ. ಇಷ್ಟು ನಿರ್ದುಷ್ಟವಾದ ವಾಕ್ಯವೊಂದು ಒಬ್ಬಳನ್ನು ಸೆರೆಮನೆಗೆ ನೂಕಬಲ್ಲುದಾದರೆ ನಾನು ಇಷ್ಟು ವರ್ಷ ಯಾವ ಶುದ್ಧಿಯನ್ನು ಕಾಯುತ್ತಿದ್ದೆ? ನನ್ನ ಅಂಕಿಯ ಅಂದವನ್ನೇ ಅವನು ಸಾಕ್ಷಿಗೆ ಕರೆಯುತ್ತಿದ್ದಾನೆ! ಸ್ಕಾರ್ಮೂರ್‌ನ ಇಸ್ಪೀಟು, ಅವನ ಕೋಳಿ, ಅವನ ಕುದುರೆಯ ಸಮಾಧಿ, ಇವೆಲ್ಲದರ ಮೇಲೆ ಸುರಿದ ಸಿಟ್ಟು ಈಗ ಯಾರ ಮೇಲೆ ಸುರಿಯಬೇಕೆಂದು ತಿಳಿಯದೆ ಕೋಣೆಯಲ್ಲಿ ತಿರುಗಾಡಿದೆ. ಕೆಳಮನೆಯವರು ಕೋಲಿನಿಂದ ಮಾಳಿಗೆ ಕುಟ್ಟಿದರು. ನಾನು ಮತ್ತಷ್ಟು ಜೋರಾಗಿ ತಿರುಗಾಡಿದೆ.

ಫೆಬ್ರವರಿ ೨೬, ಸೋಮವಾರ

ಟ್ಯಾಮ್ಸಿನ್ ಪೆಲ್ ಎಲ್ಲಿ ಇಳಿದುಕೊಂಡಿದ್ದಾಳೆಂದು ಬೆಟ್ಟಿಯನ್ನು ಕೇಳಿದೆ. ವಿಳಾಸ ಸರಿಯಾಗಿ ತಿಳಿದಿರಲೆಂದು, ಅಷ್ಟೇ.

"ನಮ್ಮ ಅಟ್ಟದ ಮೇಲೇ ಇದಾಳೆ ಮೇಷ್ಟ್ರೇ. ಬಾಡಿಗೆಗೆ ಬಂದೋಳಲ್ಲ, ನಾನೇ ಕರ್ಕೊಂಡ್ ಬಂದೆ. ಆ ಕೆನ್ನೆಗೆ ಕೆಂಪು ಹಚ್ಚಿ ಹಚ್ಚಿ ಅನ್ನ ತಿನ್ನೋಳು ನಾನೇ ತಾನೇ?"

"ಹೊಲಿಗೆ ಕೆಲಸ ಸಿಕ್ಕಿದೆಯೇ?"

"ಯಾವ ಮನೆಯವರು ಕೊಡ್ತಾರೆ? ಬೀದೀಲಿ ಹೋದ್ರೆ ಗಾಡಿಯೋರು ತೊಡೆ ತಟ್ಟಿ ತೋರಿಸ್ತಾರೆ, 'ಬಾರೇ, ಇಲ್ಲೂ ಜಾಗ ಇದೆ' ಅಂತ. ನಿನ್ನೆ ಚರ್ಚಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಎದ್ದುಹೋದಳು. ಪ್ರಭೂ ಪಕ್ಕದಿಂದ ಯಾರಾದ್ರೂ ಎದ್ದುಹೋದ್ರಾ ಹೇಳಿ? ಅವನಿಗೆ ಊಟಕ್ಕೆ ಕರೆ ಜಾಸ್ತಿಯಾಗಿದೆಯಂತೆ."

ನಾವು ಬಿಟ್ಟ ಬಾಣ ಯಾರಿಗೆ ನಾಟಿದೆ ನೋಡು! ಪಾಪಿಯ ಹೊಟ್ಟೆಗೆ ಗುರಿಯಿಟ್ಟು ಬಡವಿಯ ಎದೆಗೆ ಹೊಡೆದೆವು, ಹೊಡೆದು ಚಪ್ಪಾಳೆ ತಟ್ಟಿಸಿಕೊಂಡೆವು. ತೊಡೆ ತಟ್ಟುವ ಆ ಗಾಡಿಯವರ ಕೈಗಳನ್ನು ಕತ್ತರಿಸಬೇಕು. ಅಲ್ಲ. ಅವರ ಕೈಗಳಿಗೆ ಆ ಅಭಿನಯವನ್ನು ಕಲಿಸಿಕೊಟ್ಟದ್ದು ನಮ್ಮ ಕಿಟಕಿ.

ನಾಳೆ ಕೋಟನ್ನು ಹಲ್ಲುಜ್ಜುವ ಕುಂಚದಿಂದಲಾದರೂ ಚೊಕ್ಕ ಮಾಡಿಕೊಂಡು ಹೋಗಬೇಕು. ಭಾನುವಾರದ ತಪ್ಪನ್ನು ನ್ಯಾಯಾಧಿಕಾರಿಗಳ ಗಮನಕ್ಕೆ ತರುವುದಷ್ಟೇ ನನ್ನ ಉದ್ದೇಶ.

ಫೆಬ್ರವರಿ ೨೭, ಮಂಗಳವಾರ

ನ್ಯಾಯಾಧಿಕಾರಿಗಳು ವಾತದ ಕಾಲನ್ನು ಮಣೆಯ ಮೇಲೆ ಚಾಚಿ ಕುಳಿತಿದ್ದರು. ಒಂದು ಬದಿಯಲ್ಲಿ ಸ್ಕಾರ್ಮೂರ್, ಅವನ ಗೆಳೆಯರ ಹಿಂಡು. ನಾಟಕಕ್ಕೆ ಬಂದವರಂತೆ ಕಿತ್ತಳೆ ಸುಲಿದು ತಿನ್ನುತ್ತಿದ್ದರು. ಇನ್ನೊಂದು ಬದಿಯಲ್ಲಿ ಟ್ಯಾಮ್ಸಿನ್ ಪೆಲ್ ಮತ್ತು ಬೆಟ್ಟಿ. ನನ್ನನ್ನು ವಕೀಲನ ಹಿಂದೆ ಕಂಡು ಟ್ಯಾಮ್ಸಿನ್ ಮುಖ ತಿರುಗಿಸಿದಳು.

ವಕೀಲ ಚಿತ್ರವನ್ನು ಎತ್ತಿ ಹಿಡಿದ. "ಈ ತಾರೀಖನ್ನ ಕೊರೆದದ್ದು ನೀವೇ ತಾನೇ?"

"ಹೌದು, ನಾನೇ. ಅದು ಸುಳ್ಳು ದಿನಾಂಕ."

ಕಿತ್ತಳೆ ತಿನ್ನುವುದು ನಿಂತಿತು.

ಭಾನುವಾರದ ವಿಷಯ ಹೇಳಬೇಕೆಂದೇ ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ. ಆ ತಗಡು ನನ್ನ ಕೈಗೆ ಬಂದದ್ದು ಫೆಬ್ರವರಿ ಹನ್ನೆರಡರಂದು, ಮೊದಲ ಪ್ರತಿ ಮಾರಾಟವಾದದ್ದು ಹದಿನಾಲ್ಕರಂದು, ಗಂಜಿ ಸುರಿದ ದಿನಕ್ಕೆ ಮುಂಚೆ ಈ ಹೆಂಗಸಿನ ಮುಖವನ್ನು ನಮ್ಮ ಅಂಗಡಿಯಲ್ಲಿ ಯಾರೂ ಕಂಡಿರಲಿಲ್ಲ, ಗಂಜಿಯ ಸುದ್ದಿ ಊರಿಗೆ ಹಬ್ಬಿದ ಮೇಲೆಯೇ ಚಿತ್ರ ಹುಟ್ಟಿತು ಎಂದೆಲ್ಲ ಹೇಳಿದೆ.

ವಕೀಲ ತಡವರಿಸಲಿಲ್ಲ. ಅದು ಅವನ ಕಸುಬು. "ಅಂದ್ರೆ ನೀವು ಸುಳ್ಳು ಕೊರೆಯೋರು. ಇದೊಂದೇನಾ, ಇನ್ನೂ ಇದೆಯಾ?"

"ಇವೆ."

"ಕೇಳಿದ್ರಾ ಸ್ವಾಮಿ? ಇವರ ಹೊಟ್ಟೆಪಾಡೇ ಸುಳ್ಳು. ಇವತ್ತೊಂದು ದಿನ ಮಾತ್ರ ನಿಜ ಹೇಳ್ತಾರೆ ಅಂತ ನಾವು ನಂಬಬೇಕಂತೆ!"

"ಪ್ರಶ್ನೆ ಸರಿಯಾಗಿದೆ," ಎಂದರು ನ್ಯಾಯಾಧಿಕಾರಿಗಳು ನನ್ನತ್ತ ನೋಡಿ.

ಸ್ಕಾರ್ಮೂರ್ ಕಾಲ ಮೇಲೆ ಕಾಲು ಹಾಕಿ ಕೂಗಿದ: "ಲೋ ಮುದುಕಾ, ಒಂದು ಮಡಿಲಿಗೋಸ್ಕರ ಇಷ್ಟು ರಂಪಾಟನಾ?"

"ಮಡ್ಲಲ್ಲ ಪ್ರಭುಗಳೇ, ಬೋಗುಣಿ!" ಎಂದಳು ಟ್ಯಾಮ್ಸಿನ್. "ಕಿವಿ ಹಿಂದೆ ತೊಳ್ಕಂಡ್ರಾ? ಅಲ್ಲೇ ಗಟ್ಟಿಯಾಗೋದು ಅದು."

ಗುಮಾಸ್ತನಿಂದ ಬಾಗಿಲ ಕಾವಲಿನವನವರೆಗೆ ಎಲ್ಲರೂ ನಕ್ಕರು, ಅವನ ಗೆಳೆಯರೂ ನಕ್ಕರು. ಅವನ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು. ನಮ್ಮ ಅಂಗಡಿಯ ಯಾವ ಚಿತ್ರವೂ ಆ ಮುಖವನ್ನು ಅಷ್ಟು ಕೆಂಪೇರಿಸಿದ್ದನ್ನು ನಾನು ಕಂಡಿಲ್ಲ.

ನಗು ಅಡಗಿದ ಮೇಲೆ ನ್ಯಾಯಾಧಿಕಾರಿಗಳು ನನಗೆ ಹೇಳಿದರು: "ನೋಡಿ ಪಿಕರ್ಡ್ ಅವರೇ, ನಿಮ್ಮ ಒಂದು ನಿಜಾನ ನಂಬಬೇಕು ಅಂದ್ರೆ ನಿಮ್ಮ ಸುಳ್ಳೆಲ್ಲ ನನಗೆ ಬೇಕು. ಸ್ಟೇಪಲ್ ಅಂಗಡೀಲಿ ಯಾವ್ಯಾವ ತಾರೀಖು ತಪ್ಪಾಗಿ ಕೊರೆದ್ರೋ ಅಷ್ಟನ್ನೂ ಸರಿಪಡಿಸಿ, ಪ್ರಮಾಣ ಮಾಡಿ, ಗುರುವಾರ ತನ್ನಿ. ಅಂಗಡಿ ಲೆಕ್ಕದ ಜತೆ ಹೋಲಿಸಿ ನೋಡ್ತೀನಿ. ಒಂದನ್ನ ಬಚ್ಚಿಟ್ರೂ ಈ ಹೆಂಗಸು ನಿಮ್ಮ ಮಾತನ್ನ ನೆಚ್ಚಿಕೊಂಡಿದ್ದು ದಂಡ."

ಹೊರಗೆ ಬಂದಾಗ ಭಾನುವಾರದ ವಿಷಯ ಹೇಳಲು ಮರೆತದ್ದು ನೆನಪಾಯಿತು.

ಫೆಬ್ರವರಿ ೨೮, ಬುಧವಾರ

ಸ್ಟೇಪಲ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ನಿಮಗೆ ನಾನೇನು ಮಾಡಿದ್ದೆ ಮೇಷ್ಟ್ರೇ? ನಿಮ್ಮ ಹೆಂಡ್ತಿ ಸತ್ತಾಗ ಹೆಣಕ್ಕೆ ಹೆಗಲು ಕೊಟ್ಟೋನು ನಾನು. ಆ ಹೆಂಗಸನ್ನ ನೋಡಿ ಹತ್ತು ದಿನ ಆಗಿಲ್ಲ ನೀವು."

ಅದು ನಿಜ. ಹೆಗಲು ಕೊಟ್ಟರು. ಆ ಋಣವನ್ನು ಬೇರೆ ಯಾವ ರೀತಿಯಲ್ಲಾದರೂ ತೀರಿಸುತ್ತಿದ್ದೆ. ಮೇಜಿನ ಬೀಗದ ಕೈ ಕೊಟ್ಟೆ, ನನ್ನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡೆ. ಫಾರ್ಡೆಲ್‌ನ ನೆಗಡಿ ವಾಸಿಯಾಗಿತ್ತು. ಆದರೂ ನನ್ನ ಕಡೆಗೆ ತಲೆಯೆತ್ತಲಿಲ್ಲ. ಬೆಟ್ಟಿ ಮಾತ್ರ ಎದ್ದು ಬಾಗಿಲು ತೆರೆದು ಹಿಡಿದಳು, ಪ್ರಭುಗಳಿಗೆ ಹಿಡಿಯುವಂತೆ.

ಮಾರ್ಚ್ ೧, ಗುರುವಾರ

ಪಟ್ಟಿಯನ್ನು ಒಪ್ಪಿಸಿ, ಬೈಬಲ್ಲಿನ ಮೇಲೆ ಕೈಯಿಟ್ಟೆ. ಗುಮಾಸ್ತ ಅಂಗಡಿಯ ಲೆಕ್ಕದೊಡನೆ ಸಾಲುಸಾಲಾಗಿ ಹೋಲಿಸಿದ. ನ್ಯಾಯಾಧಿಕಾರಿಗಳು ಎರಡು ಬಾರಿ ಓದಿ, ಸ್ಕಾರ್ಮೂರ್‌ನನ್ನು ಮೇಲಿನ ವಿಚಾರಣೆಗೆ ಹಾಜರಾಗುವಂತೆ ಮುಚ್ಚಳಿಕೆಗೆ ಒಳಪಡಿಸಿದರು. ಟ್ಯಾಮ್ಸಿನ್ ಪೆಲ್‌ಳ ಮೇಲಿನ ಸುಳ್ಳು ದೂರಿನ ಆಪಾದನೆಯನ್ನು ಹೊಡೆದುಹಾಕಿದರು. ಮುಂದೆ ಏನಾಗುವುದೋ ಕಾಣೆ. ಪ್ರಭುಗಳಿಗೆ ವಕೀಲರ ಬರವಿಲ್ಲ. ಎದುರಂಗಡಿಯ ಡಬಿನ್ ಆಗಲೇ ನಮ್ಮ ಚಿತ್ರಗಳ ಮೇಲೆ ಕೈಯಿಟ್ಟಿದ್ದಾನಂತೆ.

ಮೆಟ್ಟಿಲ ಬಳಿ ಟ್ಯಾಮ್ಸಿನ್ ಕಾದಿದ್ದಳು. "ಆ ಕಾಗದ್ದಾಗೆ ನನ್ನ ಹೆಸ್ರು ಎಲ್ಲೈತೆ, ತೋರ್ಸಿ," ಎಂದಳು. ಉಳಿಸಿಕೊಂಡಿದ್ದ ನಕಲನ್ನು ಬಿಚ್ಚಿ ತೋರಿಸಿದೆ. ಬೆರಳಿಟ್ಟು ನೋಡಿದಳು, ಓದು ಬಾರದಿದ್ದರೂ ಬಹಳ ಹೊತ್ತು ನೋಡಿದಳು. "ಚೆಂದಾಗಿ ಬರ್ದೀರಿ," ಎಂದು ಬೆಟ್ಟಿಯ ಜೊತೆ ಹೊರಟುಹೋದಳು.

ಆ ನಕಲನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ.

ಆರ್. ಸ್ಟೇಪಲ್ ಅವರ ಅಂಗಡಿಗಾಗಿ ಆಂಬ್ರೋಸ್ ಪಿಕರ್ಡ್ ಎಂಬ ನಾನು ತಪ್ಪಾಗಿ ಕೊರೆದ ದಿನಾಂಕಗಳ ತಿದ್ದುಪಡಿ:

'ಇಸ್ಪೀಟಿನ ಮೇಜಿನ ಮೇಲೆ ಮೂರು ಹಳ್ಳಿ': ತಗಡಿನಲ್ಲಿ ೧೭೮೪, ಮೇ ೩. ಸರಿಯಾದದ್ದು ಜೂನ್ ೧.

'ಬಿಷಪ್ಪರ ಉಪವಾಸ': ತಗಡಿನಲ್ಲಿ ೧೭೮೫, ಮಾರ್ಚ್ ೨. ಸರಿಯಾದದ್ದು ಮಾರ್ಚ್ ೩೦. ಡಬಿನ್ ಅವರ ಚಿತ್ರವೇ ಮೊದಲಿನದು, ಕದ್ದವರು ನಾವು.

'ಡಚೆಸ್ಸಳ ಜಡೆಗೋಪುರದಲ್ಲಿ ಹಕ್ಕಿಯ ಗೂಡು': ತಗಡಿನಲ್ಲಿ ೧೭೮೫, ನವೆಂಬರ್ ೭. ಇದು ಸರಿಯಾಗಿಯೇ ಇದೆ. ತಪ್ಪೆಂದು ಭಾವಿಸಿ ಸೇರಿಸಿದ್ದೆ, ಸೇರಿಸಿದ್ದೇ ತಪ್ಪು.

'ಯಜಮಾನನ ಗುರುತು ಹಿಡಿಯದ ನಾಯಿ': ತಗಡಿನಲ್ಲಿ ೧೭೮೬, ಆಗಸ್ಟ್ ೨೧. ಸರಿಯಾದದ್ದು ಸೆಪ್ಟೆಂಬರ್‌ನ ಮೊದಲ ವಾರ. ದಿನ ನೆನಪಿಲ್ಲ. ನೆನಪಿಲ್ಲವೆಂಬುದೇ ಸರಿ.

'ಪ್ರಭುಗಳ ಮಡಿಲಿಗೆ ಹೊಸ ಹೊಲಿಗೆ': ತಗಡಿನಲ್ಲಿ ೧೭೮೭, ಜನವರಿ ೧೪. ಸರಿಯಾದದ್ದು ಫೆಬ್ರವರಿ ೧೪. ಜನವರಿ ೧೪ರಂದು ಟ್ಯಾಮ್ಸಿನ್ ಪೆಲ್ ಟಾಂಟನ್‌ನಲ್ಲಿದ್ದಳು. ಫೆಬ್ರವರಿ ೧೪ರಂದೂ ಅವಳು ಆ ಮಡಿಲಲ್ಲಿ ಇರಲಿಲ್ಲ. ಯಾವ ದಿನಾಂಕದಂದೂ ಇರಲಿಲ್ಲ.